ರೊಕ್ಕ ಕೊಟ್ಟು ದುಡಿದದ್ದು

ಬ್ಯಾಡಗಿಯವರು ಪ್ರವಾಸ ಹೊರಟರೆಂದರೆ ಬಟ್ಟೆಗಿಂತ ಮೊದಲು ಚೀಲಕ್ಕೆ ಬೀಳುವುದು ಮೆಣಸಿನಕಾಯಿ. ಯಾರ ಮನೆಯಲ್ಲಿ ಇಳಿದರೂ ಕಾಲಿಗೆ ನೀರು ಕೊಡುವ ಮೊದಲೇ ‘ಮೆಣಸಿನಕಾಯಿ ತಂದ್ರ್ಯಾ?’ ಎಂಬ ಪ್ರಶ್ನೆ ಬರುತ್ತದೆ. ತರದಿದ್ದರೆ ಊಟದಲ್ಲಿ ಒಂದು ಹೋಳಿಗೆ ಕಡಿಮೆಯಾಗುವ ಸಂಭವ ಉಂಟು. ಹಾವೇರಿಯವರಿಗೆ ಏಲಕ್ಕಿ ಹಾರವಿದೆ; ಕೊರಳಿಗೆ ಹಾಕಿ ಫೋಟೋ ತೆಗೆಸಿಕೊಳ್ಳಬಹುದು. ರಾಣೇಬೆನ್ನೂರಿನವರಿಗೆ ಬಿತ್ತನೆ ಬೀಜದ ವ್ಯಾಪಾರವಿದೆ, ಕೃಷ್ಣಮೃಗಗಳಿವೆ. ನಮ್ಮ ತಾಲ್ಲೂಕಿನಲ್ಲಿ ಕನಕದಾಸರ ಕಾಗಿನೆಲೆಯೇ ಇದೆ, ಆದರೆ ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗಲು ಬರುವುದಿಲ್ಲ. ಹಾಗಾಗಿ ನಮಗೆ ಖಾರವೇ ಗತಿ, ಅದೂ ಅಷ್ಟೇನೂ ಖಾರವಿಲ್ಲದ ಖಾರ.

ಈ ಸಲ ನಮ್ಮ ಮೆಣಸಿನಕಾಯಿಯಲ್ಲಿ ಕಡ್ಡಿ ಬಗೆಯದು ಒಂದು ಪೊಟ್ಟಣ, ಡಬ್ಬಿ ಬಗೆಯದು ಒಂದು ಪೊಟ್ಟಣ ಕಟ್ಟಿಕೊಂಡು ಮೈಸೂರಿಗೆ ಹೋಗಿದ್ದೆ. ತಂಗಿಯ ಮಗಳು ಅಲ್ಲಿ ಕೆಲಸದಲ್ಲಿದ್ದಾಳೆ. ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ ಎಲ್ಲ ನಾನು ಎಂದೋ ನೋಡಿ ಮುಗಿಸಿದವು. ಹೊಸದೇನಾದರೂ ತೋರಿಸಲೇಬೇಕೆಂದು ಅವಳ ಹಟ. ‘ಚಾಕೊಲೇಟ್ ಮಾಡೋದು ಕಲಿಸ್ತಾರೆ ದೊಡ್ಡಮ್ಮ, ಕೈಯಾರೆ ಮಾಡಬೇಕು, ಇಬ್ಬರ ಹೆಸರೂ ಬರೆಸಿದೀನಿ’ ಎಂದಳು. ಶುಲ್ಕ ಎಷ್ಟೆಂದು ಕೇಳಿದೆ. ಹೇಳಿದಳು. ಬ್ಯಾಡಗಿಯ ಲೆಕ್ಕದಲ್ಲಿ ಎಷ್ಟಾಯಿತೆಂದು ಮನಸ್ಸಿನಲ್ಲೇ ಗುಣಿಸಿ, ಆ ಉತ್ತರವನ್ನು ಬಾಯಿಬಿಟ್ಟು ಹೇಳದೆ ಹೊರಟೆ.

ಚಾಕೊಲೇಟ್ ಮಾಡುವುದೆಂದರೆ ನನ್ನ ತಲೆಯಲ್ಲಿದ್ದದ್ದು ಮಡಿಕೇರಿ, ಊಟಿಯ ಅಂಗಡಿಗಳು. ಅಲ್ಲಿ ‘ಹೋಂ ಮೇಡ್’ ಎಂಬ ಫಲಕದ ಕೆಳಗೆ ಮಾರುವುದರಲ್ಲಿ ಬಹಳಷ್ಟು, ಕೋಕೋ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯಕೊಬ್ಬು ಸೇರಿಸಿ ಮಾಡಿದ ಕಾಂಪೌಂಡ್. ಗಟ್ಟಿಯನ್ನು ಕರಗಿಸಿ ಗೋಡಂಬಿ ಉದುರಿಸಿ ಅಚ್ಚಿಗೆ ಹೊಯ್ದರೆ ಮುಗಿಯಿತು. ಮೈಸೂರಿನ ಈ ಜನ ಬೇರೆ ಜಾತಿಯವರು. ಅಲ್ಲಿ 2012ರಲ್ಲಿ ಅರ್ಥ್ ಲೋಫ್ ಎಂದು ಶುರುವಾಗಿ ಆಮೇಲೆ ನವಿಲುನ ಎಂದು ಹೆಸರು ಬದಲಿಸಿಕೊಂಡ ಒಂದು ಸಣ್ಣ ತಯಾರಿಕಾ ಮನೆ, ನಮ್ಮ ದೇಶದ ಬೀಜದಿಂದಲೇ ಒಳ್ಳೆಯ ಚಾಕೊಲೇಟ್ ಮಾಡಬಹುದೆಂದು ತೋರಿಸಿದ ಮೊದಲಿಗರಲ್ಲಿ ಒಂದು. ಆಮೇಲೆ ಆರೋವಿಲ್, ಕೊಚ್ಚಿ, ಹೈದರಾಬಾದ್ ಎಂದು ಅಲ್ಲಲ್ಲಿ ಇಂಥವು ಹುಟ್ಟಿದವು. ನಾವು ಹೋದದ್ದು ಅದೇ ದಾರಿಯಲ್ಲಿ ಹೆಜ್ಜೆ ಹಾಕುತ್ತಿರುವ ಇನ್ನೊಂದು ಪುಟ್ಟ ಜಾಗಕ್ಕೆ. ಹಳೆಯ ಹಂಚಿನ ಮನೆ, ಒಳಗೆ ನಾಲ್ಕಾರು ಯಂತ್ರ, ಗೋಡೆಗೆ ಕೋಕೋ ಕಾಯಿಯ ಚಿತ್ರ. ಕಲಿಯಲು ಬಂದವರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ದಂಪತಿ, ಪುಣೆಯಿಂದ ಬಂದ ಗೆಳತಿಯರ ಗುಂಪು, ಒಬ್ಬ ಫ್ರೆಂಚ್ ಹುಡುಗ, ನಾವಿಬ್ಬರು. ಎಲ್ಲರಿಗೂ ಒಂದೊಂದು ಏಪ್ರನ್ ಕೊಟ್ಟರು. ಅಷ್ಟು ಸ್ವಚ್ಛ ಏಪ್ರನ್ ಕಟ್ಟಿಕೊಂಡು ಮಾಡುವ ಕೆಲಸ ಎಂಥದಿರಬಹುದೆಂದು ಕುತೂಹಲದಿಂದ ಕಾದೆ.

ತಟ್ಟೆಗೆ ಬೀಜ ಸುರಿದು ‘ಆರಿಸಿ’ ಎಂದರು.

ಆರಿಸುವುದು ಎಂದರೆ ಆರಿಸುವುದೇ. ಚಪ್ಪಟೆಯಾದದ್ದು ಬೇಡ, ಎರಡು ಅಂಟಿಕೊಂಡದ್ದು ಬೇಡ, ಹುಳು ತೂತು ಮಾಡಿದ್ದು ಬೇಡ, ಬೂಷ್ಟು ಹಿಡಿದದ್ದಂತೂ ಬೇಡವೇ ಬೇಡ. ಪುಣೆಯ ಹುಡುಗಿಯರು ಇದನ್ನು ಬಹಳ ಆನಂದದಿಂದ ಮಾಡಿದರು. ‘ಧ್ಯಾನ ಮಾಡಿದ ಹಾಗಿದೆ’ ಎಂದು ಒಬ್ಬಳು ಹಿಂದಿಯಲ್ಲಿ ಹೇಳಿದಳು. ನನಗೆ ನಮ್ಮ ಮನೆಯ ಹಿಂದಿನ ಶೆಡ್ಡು ನೆನಪಾಯಿತು. ಅಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಹೆಣ್ಣುಮಕ್ಕಳು ಮೂಗಿಗೆ ಸೆರಗು ಕಟ್ಟಿಕೊಂಡು, ರಾಶಿ ಮೆಣಸಿನಕಾಯಿಯ ನಡುವೆ ಕುಳಿತು ತುಂಬು ಬಿಡಿಸುತ್ತಾರೆ. ಒಂದೊಂದೇ ಕಾಯಿ ಎತ್ತಿ, ತೊಟ್ಟು ಮುರಿದು, ಬಿಳಿಚಿದ್ದನ್ನೂ ಒಡೆದದ್ದನ್ನೂ ಬೇರೆ ಹಾಕಿ ಮತ್ತೊಂದಕ್ಕೆ ಕೈ ಚಾಚುವುದು. ಕಿಲೋಕ್ಕೆ ಇಷ್ಟೆಂದು ಪಗಾರ. ಸಂಜೆ ಮನೆಗೆ ಹೋದ ಮೇಲೂ ಬೆರಳು ಉರಿಯುತ್ತಿರುತ್ತದೆ. ಹಾಲುಣ್ಣುವ ಕೂಸಿರುವವರು ಎಷ್ಟು ಸಲ ಕೈ ತೊಳೆದರೂ ಕೂಸನ್ನು ಮುಟ್ಟಲು ಹೆದರುತ್ತಾರೆ. ಅದನ್ನು ಧ್ಯಾನ ಎಂದು ಅವರಲ್ಲಿ ಯಾರೂ ಕರೆದದ್ದು ನಾನು ಕೇಳಿಲ್ಲ. ಕೆಲಸ ಹೆಚ್ಚುಕಡಿಮೆ ಅದೇ, ಕುಳಿತುಕೊಳ್ಳುವ ರೀತಿಯೂ ಅದೇ, ದುಡ್ಡು ಮಾತ್ರ ಈ ಕಡೆಯಿಂದ ಆ ಕಡೆಗೆ ಹರಿಯುತ್ತಿತ್ತು.

ಹೀಗೆಂದು ಕೆಲಸ ಬೇಸರವಾಯಿತೇ ಎಂದರೆ, ಇಲ್ಲ. ನಿಜ ಹೇಳಬೇಕೆಂದರೆ ನನಗೂ ಖುಷಿಯಾಗತೊಡಗಿತ್ತು. ಕಲಿಸುವ ಹುಡುಗ ಒಂದು ಬೀಜವನ್ನು ಉದ್ದಕ್ಕೆ ಸೀಳಿ ತೋರಿಸಿದ. ಒಳಗೆ ಕಂದು ಬಣ್ಣ, ನಡುನಡುವೆ ಬಿರುಕು. ಚೆನ್ನಾಗಿ ಹುದುಗಿದೆ ಎಂದು ಅರ್ಥ. ಇನ್ನೊಂದು ನೇರಳೆ, ಹುದುಗು ಸಾಲದು. ಸ್ಲೇಟಿನ ಬಣ್ಣಕ್ಕಿದ್ದರೆ ಹುದುಗೇ ಆಗಿಲ್ಲ, ಅದಕ್ಕೆ ಚಾಕೊಲೇಟಿನ ಪರಿಮಳ ಹುರಿದರೂ ಬರುವುದಿಲ್ಲ. ಕೋಕೋ ಕಾಯಿ ಮರದ ಬೊಡ್ಡೆಗೇ ಅಂಟಿಕೊಂಡು ಬಿಡುತ್ತದೆ. ಒಡೆದರೆ ಒಳಗೆ ಮೂವತ್ತು ನಲವತ್ತು ಬೀಜ, ಸುತ್ತ ಹುಳಿಸಿಹಿಯ ಬಿಳಿ ತಿರುಳು. ಆ ತಿರುಳಿನ ಸಮೇತ ರಾಶಿ ಹಾಕಿ, ಬಾಳೆಲೆ ಮುಚ್ಚಿ ಅಥವಾ ಮರದ ಪೆಟ್ಟಿಗೆಗೆ ತುಂಬಿ ಐದಾರು ದಿನ ಬಿಡಬೇಕು, ನಡುವೆ ತಿರುವಿ ಹಾಕಬೇಕು. ರಾಶಿಯ ಒಳಗಿನ ಬಿಸಿ 45 ಡಿಗ್ರಿ ದಾಟುತ್ತದೆ, ಬೀಜದೊಳಗಿನ ಜೀವ ಸಾಯುತ್ತದೆ, ಮುಂದಿನ ರುಚಿಗೆಲ್ಲ ಬೇಕಾದ ಸಾಮಾನು ಆಗ ತಯಾರಾಗುತ್ತದೆ. ಆಮೇಲೆ ಬಿಸಿಲಿಗೆ ಹರವಿ, ನೀರಿನಂಶ ಶೇ. 7ರ ಸುಮಾರಿಗೆ ಇಳಿಯುವವರೆಗೆ ಒಣಗಿಸಬೇಕು. ಚಾಕೊಲೇಟಿನ ಅರ್ಧ ಕೆಲಸ ತೋಟದಲ್ಲೇ ಮುಗಿದಿರುತ್ತದೆ; ಉಳಿದದ್ದಕ್ಕೆ ಮಾತ್ರ ಹೊಳೆಯುವ ಕಾಗದ ಸುತ್ತುತ್ತಾರೆ.

ಬೀಜ ಎಲ್ಲಿಯದು ಎಂದು ಕೇಳಿದೆ. ನಮ್ಮೂರಿನವರಿಗೆ ಈ ಪ್ರಶ್ನೆ ಕೇಳದೆ ಇರಲಾಗದು. ಬ್ಯಾಡಗಿ ಮಾರುಕಟ್ಟೆಗೆ ಸೋಮವಾರ, ಗುರುವಾರ ಬಂದು ಬೀಳುವ ಚೀಲಗಳಲ್ಲಿ ನಮ್ಮ ತಾಲ್ಲೂಕಿನದಕ್ಕಿಂತ ಗದಗ, ಧಾರವಾಡ, ಬಳ್ಳಾರಿ, ರಾಯಚೂರು, ಆಂಧ್ರದ್ದೇ ಹೆಚ್ಚು. ಊರು ಹೆಸರು ಕೊಟ್ಟಿದೆ, ಬೆವರು ಬೇರೆಯವರದು. ಹುಡುಗ ‘ದಕ್ಷಿಣ ಕನ್ನಡದ ಒಂದು ಅಡಿಕೆ ತೋಟದ್ದು’ ಎಂದ.

ಆ ಕಡೆಯ ಕೋಕೋದ ಕಥೆ ಅವನಿಗಿಂತ ನನಗೆ ಸ್ವಲ್ಪ ಹೆಚ್ಚೇ ಗೊತ್ತಿತ್ತು. ಪುತ್ತೂರಿನ ಹತ್ತಿರದ ಬಂಧುಗಳ ತೋಟದಲ್ಲಿ ರಜೆ ಕಳೆದವಳು ನಾನು. ಕ್ಯಾಡ್‌ಬರಿ ಕಂಪನಿ 1965ರಲ್ಲಿ ವಯನಾಡಿನ ಚುಂಡಲೆಯಲ್ಲಿ ಮಾದರಿ ತೋಟ ಮಾಡಿದ ಮೇಲೆ ಕೇರಳ, ಕರಾವಳಿಯ ರೈತರು ಅಡಿಕೆ, ತೆಂಗಿನ ನೆರಳಲ್ಲಿ ಕೋಕೋ ನೆಟ್ಟರು. ಗಿಡಕ್ಕೆ ನೆರಳು ಇಷ್ಟ, ಅಡಿಕೆಗೆ ಹಾಕಿದ ನೀರು ಗೊಬ್ಬರದಲ್ಲೇ ಇದಕ್ಕೂ ಪಾಲು. ಅಳಿಲು, ಮಂಗ ಬಿಟ್ಟದ್ದು ಮನುಷ್ಯರಿಗೆ. ಎಂಬತ್ತರ ದಶಕದ ಆರಂಭದಲ್ಲಿ ಕೊಳ್ಳುವವರು ಹಿಂದೆ ಸರಿದು ಬೆಲೆ ನೆಲ ಕಚ್ಚಿತು. ಗಿಡ ಕಡಿಯುವ ಮಾತು ಶುರುವಾಯಿತು. ಆಗ ಕೈ ಹಾಕಿದ್ದು ಕ್ಯಾಂಪ್ಕೋ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ, ಕರ್ನಾಟಕ ಕೇರಳ ಎರಡೂ ರಾಜ್ಯದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ. ಅಡಿಕೆ ಮಾರುತ್ತಿದ್ದವರು ಕೋಕೋ ಕೊಂಡರು. ಕೊಂಡದ್ದನ್ನು ಏನು ಮಾಡುವುದೆಂದು ಯೋಚಿಸಿ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿದರು. ರಾಷ್ಟ್ರಪತಿ ಜೈಲ್ ಸಿಂಗ್ ಬಂದು ಉದ್ಘಾಟಿಸಿದರು. ಮೆಲ್ಟೊ, ಟರ್ಬೊ ತಿಂದು ಬೆಳೆದ ನಮಗೆ ಅದು ರೈತರೇ ಯಜಮಾನರಾಗಿದ್ದ ಚಾಕೊಲೇಟ್ ಎಂಬುದು ತಿಳಿದದ್ದು ತಡವಾಗಿ. ನನಗೆ ಕೇಳಿದರೆ, ಮೈಸೂರಿನ ಈ ಹಂಚಿನ ಮನೆಯ ಪಾಠಕ್ಕಿಂತ ಪುತ್ತೂರಿನ ಆ ಪಾಠ ದೊಡ್ಡದು. ಅದಕ್ಕೆ ಏಪ್ರನ್ ಇರಲಿಲ್ಲ ಅಷ್ಟೆ.

ಬ್ಯಾಡಗಿಯಲ್ಲಿ ಇಂಥದ್ದೊಂದು ಏಕೆ ಆಗಲಿಲ್ಲ ಎಂದು ಆಗಾಗ ಅನ್ನಿಸುತ್ತದೆ. 2011ರಲ್ಲಿ ನಮ್ಮ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿತು. ಊರ ಸುತ್ತ ಶೀತಲಗೃಹಗಳು ಎದ್ದವು, ಕಾಯಿಯಿಂದ ಓಲಿಯೋರೆಸಿನ್ ಎಂಬ ಬಣ್ಣದ ಸಾರ ತೆಗೆಯುವವರು ಬಂದರು, ನಮ್ಮ ಕಾಯಿಯ ಕೆಂಪು ಯಾರ್‍ಯಾರದೋ ತುಟಿಗೆ ಲಿಪ್‌ಸ್ಟಿಕ್ ಆಗಿ ಹತ್ತಿತು. ಬೆಳೆದವನು ಮಾತ್ರ ಟೆಂಡರ್ ದಿನ ಫೋನು ಹಿಡಿದುಕೊಂಡು ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಕುಳಿತೇ ಇದ್ದಾನೆ. 2024ರ ಮಾರ್ಚ್ 11, ಸೋಮವಾರ, ದರ ಏಕಾಏಕಿ ಕುಸಿಯಿತೆಂದು ರೈತರು ರೊಚ್ಚಿಗೆದ್ದು ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದ ಹೊಗೆಯನ್ನು ನಮ್ಮ ಓಣಿಯಿಂದ ನೋಡಿದ್ದೇವೆ. ಅದೇ ವರ್ಷ ಪಶ್ಚಿಮ ಆಫ್ರಿಕಾದಲ್ಲಿ ಕೋಕೋ ಬೆಳೆ ಕೈಕೊಟ್ಟು, ಡಿಸೆಂಬರಿನ ಹೊತ್ತಿಗೆ ನ್ಯೂಯಾರ್ಕಿನ ಮಾರುಕಟ್ಟೆಯಲ್ಲಿ ಅದರ ಬೆಲೆ ಟನ್ನಿಗೆ 12,000 ಡಾಲರ್ ದಾಟಿತ್ತು. ಒಂದು ಬೆಳೆ ಅಳುವಾಗ ಇನ್ನೊಂದು ನಗುತ್ತದೆ. ಎರಡನ್ನೂ ಬೆಳೆಯುವವನು ಯಾರೂ ಇಲ್ಲದಿರುವುದು ನಮ್ಮ ಹಣೆಬರಹ.

ಇರಲಿ, ಬೀಜ ಹುರಿಯುವ ಹೊತ್ತಾಯಿತು. ಹುರಿಯುವಾಗ ಮೊದಲು ವಿನಿಗರಿನಂಥ ಹುಳಿ ವಾಸನೆ ಬಂತು, ಹುದುಗಿನ ಪಳೆಯುಳಿಕೆ ಅದು. ಸ್ವಲ್ಪ ಹೊತ್ತಿಗೆ ಆ ಹುಳಿ ಹಾರಿಹೋಗಿ ಇಡೀ ಮನೆ ಘಮಗುಟ್ಟಿತು. ‘ಮೂಗಿನಿಂದ ಉಸಿರೆಳೆದುಕೊಳ್ಳಿ’ ಎಂದ ಹುಡುಗ. ಎಲ್ಲರೂ ಕಣ್ಣು ಮುಚ್ಚಿ ದೀರ್ಘವಾಗಿ ಎಳೆದುಕೊಂಡರು. ಹುರಿಯುವ ಜಾಗದಲ್ಲಿ ಉಸಿರೆಳೆಯುವುದು ಬ್ಯಾಡಗಿಯವರ ಸ್ವಭಾವಕ್ಕೆ ವಿರುದ್ಧ. ನಮ್ಮಲ್ಲಿ ಬಾಣಲೆಗೆ ಮೆಣಸಿನಕಾಯಿ ಬಿದ್ದರೆ ಉಸಿರು ಬಿಗಿಹಿಡಿದು ಹಿತ್ತಲಿಗೆ ಓಡುವುದು ಹುಟ್ಟಿನಿಂದ ಬಂದ ವಿದ್ಯೆ. ನಾನೂ ಅಭ್ಯಾಸಬಲದಿಂದ ಸೆರಗು ಮೂಗಿಗೆ ಒತ್ತಿಕೊಂಡೆ. ಫ್ರೆಂಚ್ ಹುಡುಗ ಅದನ್ನು ಯಾವುದೋ ಸಂಪ್ರದಾಯವೆಂದು ತಿಳಿದು ಗೌರವದಿಂದ ನೋಡಿದ.

ಆಮೇಲೆ ಹೊಟ್ಟು ಬಿಡಿಸುವುದು. ಬೀಜವನ್ನು ಜಜ್ಜಿದರೆ ತೆಳು ಸಿಪ್ಪೆ ಬಿಡುತ್ತದೆ. ಸಿಪ್ಪೆ ಹಾರಿ ನುಚ್ಚು ಉಳಿಯಬೇಕು. ಅವರು ಅದಕ್ಕೆ ತಲೆಗೂದಲು ಒಣಗಿಸುವ ಡ್ರೈಯರ್ ತಂದರು! ಬೋಗುಣಿಗೆ ಗಾಳಿ ಬಿಟ್ಟರೆ ಸಿಪ್ಪೆ ಹಾರಿತು, ಸಾಫ್ಟ್‌ವೇರ್ ದಂಪತಿಯ ಮುಖದ ಮೇಲೆ ಕುಳಿತಿತು. ‘ಒಂದು ಮೊರ ಇದ್ಯಾ?’ ಎಂದು ಕೇಳಿದೆ. ಇರಲಿಲ್ಲ. ಬೆತ್ತದ ಅಗಲ ತಟ್ಟೆಯೊಂದನ್ನು ಗೋಡೆಗೆ ಅಲಂಕಾರಕ್ಕೆ ತೂಗುಹಾಕಿದ್ದರು. ಅದನ್ನು ಇಳಿಸಿಕೊಂಡು ಕೇರಿದೆ. ಮಣಿಕಟ್ಟಿಗೆ ನೆನಪಿತ್ತು. ಸಿಪ್ಪೆ ಮುಂದೆ, ನುಚ್ಚು ಹಿಂದೆ, ಧೂಳು ಗಾಳಿಗೆ. ಅವ್ವ ಜೋಳ ಕೇರುವಾಗ ಪಕ್ಕದಲ್ಲಿ ಕುಳಿತು ಕಲಿತ ವಿದ್ಯೆಗೆ ಆ ದಿನ ಚಪ್ಪಾಳೆ ಬಿತ್ತು. ಪುಣೆಯ ಹುಡುಗಿಯರು ವಿಡಿಯೋ ಮಾಡಿಕೊಂಡರು. ಶುಲ್ಕದಲ್ಲಿ ಏನಾದರೂ ಕಡಿಮೆ ಮಾಡುತ್ತಾರೇನೋ ಎಂದು ಆಸೆಯಾಯಿತು. ಮಾಡಲಿಲ್ಲ.

ಅರೆಯುವ ಯಂತ್ರವನ್ನು ನೋಡಿ ಮಾತ್ರ ನಗು ತಡೆಯಲಾಗಲಿಲ್ಲ. ಗ್ರಾನೈಟಿನ ತಳ, ಅದರ ಮೇಲೆ ಉರುಳುವ ಎರಡು ಗುಂಡುಕಲ್ಲು: ದೋಸೆಹಿಟ್ಟಿನ ಗ್ರೈಂಡರ್! ಹುಡುಗ ಗಂಭೀರವಾಗಿ ‘ಮೆಲಾಂಜರ್’ ಎಂದ. ಅಡುಗೆಮನೆಯಲ್ಲಿ ಕಂಡರೆ ಬರೀ ಗ್ರೈಂಡರ್, ಇಲ್ಲಿಗೆ ಬಂದರೆ ಮೆಲಾಂಜರ್. ನನ್ನ ನಗು ಅಪಾರ್ಥವಾಗದಿರಲೆಂದು ಅವನೇ ಕಥೆ ಹೇಳಿದ. ಇಪ್ಪತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಮನೆಯಲ್ಲೇ ಚಾಕೊಲೇಟ್ ಮಾಡಲು ಹೊರಟವರಿಗೆ ಸಣ್ಣ ಯಂತ್ರವೇ ಸಿಗುತ್ತಿರಲಿಲ್ಲ. ಕಾರ್ಖಾನೆಯದು ಕೋಣೆಯಷ್ಟು ದೊಡ್ಡದು. ಆಗ ಯಾರದೋ ಕಣ್ಣಿಗೆ ಅಲ್ಲಿನ ಭಾರತೀಯ ಅಡುಗೆಮನೆಗಳ ಇಡ್ಲಿ ಗ್ರೈಂಡರ್ ಬಿತ್ತು. ಕೊಯಮತ್ತೂರಿನ ತಯಾರಕರು ಅದರ ಮೋಟಾರು, ಬೇರಿಂಗುಗಳನ್ನು ದಿನಗಟ್ಟಲೆ ಓಡುವುದಕ್ಕೆ ಹೊಂದಿಸಿ ಕಳಿಸತೊಡಗಿದರು. ಈಗ ಜಗತ್ತಿನ ಎಷ್ಟೋ ಸಣ್ಣ ಚಾಕೊಲೇಟ್ ಮನೆಗಳಲ್ಲಿ ತಿರುಗುವುದು ಇದೇ ಕಲ್ಲು. ಒಂದು ದಿನ, ಎರಡು ದಿನ, ಕೆಲವೊಮ್ಮೆ ಮೂರು ದಿನ ಬಿಡದೆ ತಿರುಗಬೇಕು. ನುಚ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಕೊಬ್ಬೇ ಇರುವುದರಿಂದ ನೀರು ಹಾಕದೆಯೇ ಅದು ಕರಗಿ ಹರಿಯತೊಡಗುತ್ತದೆ. ಕಣ 20 ಮೈಕ್ರಾನಿಗೆ ಇಳಿದರೆ ನಾಲಗೆಗೆ ಮರಳು ಸಿಕ್ಕುವುದಿಲ್ಲ.

ನಾವು ಹಾಕಿದ್ದು ಅರೆಯಲು ಬಿಟ್ಟು, ಹಿಂದೆಯೇ ಅರೆದಿಟ್ಟದ್ದರಲ್ಲಿ ಮುಂದಿನ ಪಾಠ. ಇದು ಎಲ್ಲಕ್ಕಿಂತ ಸೂಕ್ಷ್ಮ. ಕೋಕೋ ಬೆಣ್ಣೆ ಆರು ಬಗೆಯಲ್ಲಿ ಹರಳುಗಟ್ಟಬಲ್ಲದು. ಅವುಗಳಲ್ಲಿ ಐದನೆಯದಕ್ಕೆ ಮಾತ್ರ ಹೊಳಪು, ಮುರಿದರೆ ಟಕ್ಕೆನ್ನುವ ಸದ್ದು, ಬಾಯಿಯ ಬಿಸಿಗೇ ಕರಗುವ ಗುಣ. ಅದನ್ನೇ ಹಿಡಿಯಬೇಕೆಂದರೆ 45 ಡಿಗ್ರಿಗೆ ಕರಗಿಸಿ, ಅಮೃತಶಿಲೆಯ ಹಾಸಿನ ಮೇಲೆ ಹರಡಿ ಗೀಚುತ್ತ 27ಕ್ಕೆ ಇಳಿಸಿ, ಮತ್ತೆ 31, 32ಕ್ಕೆ ಏರಿಸಬೇಕು. ಒಂದು ಡಿಗ್ರಿ ತಪ್ಪಿದರೆ ನಾಲ್ಕು ದಿನದಲ್ಲಿ ಮೈಮೇಲೆ ಬೂದಿ ಬಳಿದಂತೆ ಬಿಳಿ ಏಳುತ್ತದೆ. ಸಾಫ್ಟ್‌ವೇರ್ ಗಂಡ ಥರ್ಮಾಮೀಟರನ್ನು ಎದೆಗವಚಿಕೊಂಡು ನಿಂತಿದ್ದ. ಹೆಂಡತಿ ತುಟಿಯ ಕೆಳಗೆ ಚಾಕೊಲೇಟ್ ತಾಗಿಸಿ ‘ತಣ್ಣಗಿದೆ, ಸಾಕು’ ಎಂದಳು. ಅವಳದೇ ಸರಿಯಿತ್ತು.

ಕೊನೆಗೆ ಬೇಕಾದ್ದು ಬೆರೆಸಿ ಅಚ್ಚಿಗೆ ಹಾಕುವ ಹೊತ್ತು. ಮೇಜಿನ ಮೇಲೆ ಗೋಡಂಬಿ, ಒಣದ್ರಾಕ್ಷಿ, ಸಮುದ್ರದ ಉಪ್ಪು, ಮಲ್ಲಿಗೆಯ ಒಣ ಮೊಗ್ಗು. ತಂಗಿಯ ಮಗಳು ನನ್ನ ಚೀಲದಿಂದ ಕಡ್ಡಿಯ ಪೊಟ್ಟಣ ಎಳೆದು ಮೇಜಿನ ಮೇಲಿಟ್ಟಳು. ‘ಇದು ಬ್ಯಾಡಗಿದಾ?’ ಎಂದು ಹುಡುಗನ ಕಣ್ಣು ಅರಳಿತು. ಮೆಣಸಿನಕಾಯಿಯೂ ಕೋಕೋವೂ ಹಳೆಯ ಪರಿಚಯಸ್ಥರು. ಮೆಕ್ಸಿಕೋದ ಕಡೆ, ಸಕ್ಕರೆ ಎಂಬುದೇ ಗೊತ್ತಿಲ್ಲದ ಕಾಲದಲ್ಲಿ ಕೋಕೋವನ್ನು ಕಲ್ಲಿನ ಮೇಲೆ ಅರೆದು, ಮೆಣಸಿನಕಾಯಿ ಹಾಕಿ, ನೊರೆಯೆಬ್ಬಿಸಿ ಕುಡಿಯುತ್ತಿದ್ದರು. ಬೀಜವೇ ಸಂತೆಯಲ್ಲಿ ನಾಣ್ಯವಾಗಿಯೂ ಚಲಾವಣೆಯಲ್ಲಿತ್ತು. ಪೋರ್ಚುಗೀಸರ ಹಡಗಿನಲ್ಲಿ ಮೆಣಸಿನಕಾಯಿ ನಮ್ಮ ಕಡೆ ಬಂದು, ನಮ್ಮದೇ ಆಗಿ, ನಮ್ಮ ಊರಿನ ಹೆಸರನ್ನೂ ಇಟ್ಟುಕೊಂಡಿತು. ಕೋಕೋ ನಿಧಾನವಾಗಿ ಬಂದು ಇನ್ನೂ ಅಡಿಕೆಯ ನೆರಳಲ್ಲೇ ನಿಂತಿದೆ.

ಪುಡಿ ಮಾಡಿ ಬೆರೆಸಿದೆವು. ಒಂದು ಹನಿ ನೀರು ತಾಗಿದರೂ ಚಾಕೊಲೇಟ್ ಗಂಟು ಬಿದ್ದು ಕೆಡುತ್ತದೆಂದು, ಕಾಯಿ ಒಣಗಿದೆಯೇ ಎಂದು ಹುಡುಗ ಮುರಿದು ನೋಡಿದ. ಹಸಿಯಿದ್ದರೆ ನಮ್ಮ ಟೆಂಡರಿನಲ್ಲೂ ಬೆಲೆ ಬೀಳುತ್ತದೆ, ಆ ಪರೀಕ್ಷೆಯಲ್ಲಿ ನಾನು ಪಾಸಾದೆ. ಆದರೆ ಕಪ್ಪು ಚಾಕೊಲೇಟಿನಲ್ಲಿ ನಮ್ಮ ಕಾಯಿ ಸೋತಿತು ಎಂದೇ ಹೇಳಬೇಕು. ಬ್ಯಾಡಗಿಯ ದೊಡ್ಡಸ್ತಿಕೆಯೆಲ್ಲ ಬಣ್ಣದಲ್ಲಿ. ವ್ಯಾಪಾರಿಗಳು ಆಸ್ಟಾ ಎಂಬ ಅಳತೆಯಲ್ಲಿ 150ರ ಆಸುಪಾಸು ಎಣಿಸಿ ದುಡ್ಡು ಕೊಡುವುದು ಆ ಕೆಂಪಿಗೆ. ಕೋಕೋದ ಕಂದು ಅದನ್ನು ನುಂಗಿ ಕುಳಿತಿತು, ಖಾರವೂ ನಾಲಗೆಯ ತುದಿಗೆ ಬಂದು ನಾಚಿಕೊಂಡಿತು. ಬೇರೆ ಕಡೆಯ ಘಾಟು ಕಾಯಿ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಹುಡುಗ ಮೆಲ್ಲಗೆ ಹೇಳಿದ. ಅವನು ಹೇಳಿದ್ದು ನಿಜ, ನಾನು ಮಾತ್ರ ಒಪ್ಪಲಿಲ್ಲ. ‘ಬಿಳಿ ಚಾಕೊಲೇಟ್ ಇದ್ಯಾ?’ ಎಂದೆ. ಅದರಲ್ಲಿ ಇರುವುದು ಬರೀ ಕೋಕೋ ಬೆಣ್ಣೆ, ಹಾಲಿನಪುಡಿ, ಸಕ್ಕರೆ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಬಿಡುವಂಥದ್ದು. ಒಗ್ಗರಣೆ ಹಾಕಿದವರಿಗೆಲ್ಲ ಗೊತ್ತು. ಡಬ್ಬಿಯ ಪುಡಿ ಬೆರೆಸಿ ಕಲಕಿದೆವು. ನೋಡನೋಡುತ್ತ ಬಿಳಿ ಹೋಗಿ ಕಿತ್ತಳೆ, ಕಿತ್ತಳೆ ಹೋಗಿ ಸಂಜೆಗೆಂಪು. ಸಿಹಿಯ ಹಿಂದಿನಿಂದ ಒಂದು ಸಣ್ಣ ಬಿಸಿ. ಪುಣೆಯವರು ತಮ್ಮ ಮಲ್ಲಿಗೆಮೊಗ್ಗು ಬಿಟ್ಟು ನಮ್ಮ ಬೋಗುಣಿಗೆ ಬೆರಳು ಅದ್ದಿದರು.

ಬಾರುಗಳನ್ನು ಊರಿಗೆ ತಂದು ಫ್ರಿಜ್ಜಿನಲ್ಲಿಟ್ಟೆ. ಬ್ಯಾಡಗಿಯ ಏಪ್ರಿಲ್ಲಿನಲ್ಲಿ ಐದನೆಯ ಬಗೆಯ ಹರಳು ಹೊರಗೆ ನಿಲ್ಲುವುದಿಲ್ಲ. ಮಧ್ಯಾಹ್ನ ಚಹಾದ ಬಿಡುವಿನಲ್ಲಿ ಶೆಡ್ಡಿಗೆ ಒಯ್ದು ತುಂಬು ಬಿಡಿಸುವವರಿಗೆ ಕೊಟ್ಟೆ. ಕೆಂಪು ಬಾರನ್ನು ಒಬ್ಬಾಕೆ ಬೆಳಕಿಗೆ ಹಿಡಿದು ನೋಡಿ, ನೆಕ್ಕಿ, ‘ಡಬ್ಬಿಕಾಯಿ, ಹೌದಲ್ರೀ?’ ಎಂದಳು. ಹುಡುಗನಿಗೆ ಆಗದ ಪರೀಕ್ಷೆ. ಕಪ್ಪು ಬಾರು ಯಾರಿಗೂ ಸೇರಲಿಲ್ಲ. ‘ಕಷಾಯದಂಗೈತಿ’ ಎಂದು ಚಹಾ ಕುಡಿದು ಬಾಯಿ ತೊಳೆದುಕೊಂಡರು.

‘ಎಷ್ಟ ಕೊಟ್ರಿ ಇದಕ್ಕ?’

‘ಇದಕ್ಕಲ್ಲ, ಇದನ್ನ ಮಾಡಾಕ ಕೊಟ್ಟೆ.’ ಎಷ್ಟೆಂದು ಹೇಳಿದೆ.

‘ಯವ್ವಾ! ಮಾಡಿದವ್ರು ನೀವು, ರೊಕ್ಕಾನೂ ನೀವ ಕೊಟ್ರ್ಯಾ?’

ಅಲ್ಲಿ ಕಾಳು ಆರಿಸಲು ಜನ ದೂರದೂರದಿಂದ ಬಂದಿದ್ದರು, ಅದನ್ನು ಧ್ಯಾನ ಅಂದರು ಎಂದು ಹೇಳಿದೆ. ನಂಬಲಿಲ್ಲ, ತಂಗಿಯ ಮಗಳು ಕಳಿಸಿದ್ದ ವಿಡಿಯೋ ತೋರಿಸಬೇಕಾಯಿತು. ಏಪ್ರನ್ ಕಟ್ಟಿಕೊಂಡು ಬಗ್ಗಿ ಕುಳಿತ ಪುಣೆಯವರನ್ನು ಅವರೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಬಾಗಿ ನೋಡಿದರು. ಕೈ ಬಹಳ ನಿಧಾನ ಎಂಬುದು ಮೊದಲ ತೀರ್ಪು. ‘ಹಂಗಾದ್ರ ಇಲ್ಲೂ ಒಂದು ತೆಗೀರಿ,’ ಎಂದಳು ಡಬ್ಬಿಕಾಯಿ ಗುರುತಿಸಿದಾಕೆ. ‘ಬೆಂಗಳೂರಿನವ್ರು ಬರ್ಲಿ, ತುಂಬು ಬಿಡಸ್ಲಿ, ಮೂಗಿಗೆ ಕಟ್ಟಿಕೊಳ್ಳಾಕ ನಾವ ಅರಿವಿ ಕೊಡ್ತೀವಿ.’ ಎಲ್ಲರೂ ನಕ್ಕರು. ನಾನು ಮಾತ್ರ ಮನಸ್ಸಿನಲ್ಲಿ ಫಲಕ ಬರೆಸಿ, ಶುಲ್ಕ ನಿಗದಿ ಮಾಡಿ, ಉಳಿತಾಯ ಎಷ್ಟೆಂದು ಕೂಡಿಸತೊಡಗಿದ್ದೆ. ಅಷ್ಟರಲ್ಲಿ ಅವರಲ್ಲೇ ಹಿರಿಯಳಾದವಳು, ಅದುವರೆಗೆ ಮಾತಾಡದೆ ಬಿಡಿಸುತ್ತಲೇ ಇದ್ದವಳು, ತಲೆಯೆತ್ತದೆ ಹೇಳಿದಳು: ‘ತೆಗೀರಿ, ಬ್ಯಾಡನ್ನೂದಿಲ್ಲ. ಆದ್ರ ಅವ್ರು ಬಿಡಿಸಿದ್ದನ್ನ ನಾವು ಮತ್ತ ಬಿಡಿಸಬೇಕಾಗ್ತೈತಿ. ಅದಕ್ಕ ಡಬಲ್ ಪಗಾರ, ಈಗ ಹೇಳಿರ್ತೀನಿ.’